ಮನೆಯ ವಾದಕರಿಗಾಗಿ ಬರೆದ ದ್ವೊರ್ಜಾಕ್

ಚೆಕ್ ಸಂಗೀತಗಾರ ಆಂಟೊನಿನ್ ದ್ವೊರ್ಜಾಕ್ ಎಂದೊಡನೆ ನೆನಪಾಗುವುದು ಅವರು ಅಮೆರಿಕದಲ್ಲಿ ರಚಿಸಿದ 'ಹೊಸ ಜಗತ್ತು' ಸಿಂಫನಿ. ಅದಕ್ಕೆ ದೊಡ್ಡ ವಾದ್ಯವೃಂದವೇ ಬೇಕು. ಮನೆಯಲ್ಲಿ ಮೂರ್ನಾಲ್ಕು ಮಂದಿ ಕೂಡಿ ನುಡಿಸಲೆಂದು ಅವರು ಬರೆದ ಸಣ್ಣ ಕೃತಿಗಳು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ಗಾಯನ ಮಂಡಳಿಗಳಲ್ಲಿ ವಯೊಲಿನ್, ಕೀಬೋರ್ಡ್ ನುಡಿಸುವ ನಮ್ಮ ಯುವಜನರಿಗೆ ಇವುಗಳ ಪರಿಚಯವಾಗಲಿ ಎಂಬುದು ನಮ್ಮ ಆಸೆ.

1841ರ ಸೆಪ್ಟೆಂಬರ್ 8ರಂದು, ಅಂದರೆ ನಾವು ಮೊಂತಿ ಫೆಸ್ತ್ ಆಚರಿಸುವ ದಿನದಂದೇ, ಪ್ರಾಗ್ ಸಮೀಪದ ನೆಲಾಹೊಜೆವೆಸ್ ಹಳ್ಳಿಯಲ್ಲಿ ಅವರು ಜನಿಸಿದರು. ತಂದೆಗೆ ಮಾಂಸದ ವ್ಯಾಪಾರ. ಊರಿನ ಶಾಲಾ ಶಿಕ್ಷಕರಿಂದ ವಯೊಲಿನ್ ಕಲಿತ ಬಾಲಕ ಮುಂದೆ ಪ್ರಾಗ್‌ನ ಆರ್ಗನ್ ಶಾಲೆ ಸೇರಿದರು. ಬಳಿಕ ನಾಟಕಶಾಲೆಯ ವಾದ್ಯವೃಂದದಲ್ಲಿ ವರ್ಷಗಟ್ಟಲೆ ವಿಯೋಲ (ವಯೊಲಿನ್‌ಗಿಂತ ತುಸು ದೊಡ್ಡ ವಾದ್ಯ) ನುಡಿಸಿದರು. 1874ರಿಂದ 1877ರವರೆಗೆ ಸಂತ ಆದಲ್ಬರ್ಟರ ದೇವಾಲಯದಲ್ಲಿ ಆರ್ಗನ್ ವಾದಕರಾಗಿದ್ದರು.

ಆ ವರ್ಷಗಳಲ್ಲೇ ಅವರ ಮನೆಗೆ ದುಃಖ ಎರಗಿತು. 1875ರಲ್ಲಿ ಹುಟ್ಟಿದ ಹೆಣ್ಣುಮಗು ಎರಡೇ ದಿನ ಬದುಕಿತು. 1877ರ ಆಗಸ್ಟಿನಲ್ಲಿ ಮತ್ತೊಬ್ಬ ಮಗಳು, ಸೆಪ್ಟೆಂಬರ್ 8ರಂದು ಸಿಡುಬಿನಿಂದ ಮೂರು ವರ್ಷದ ಮಗ ತೀರಿಕೊಂಡರು. ಅಂದು ತಂದೆಯ 36ನೇ ಹುಟ್ಟುಹಬ್ಬ. ಶಿಲುಬೆಯ ಬುಡದಲ್ಲಿ ನಿಂತ ದೇವಮಾತೆಯ ಶೋಕಗೀತೆ 'ಸ್ತಾಬಾತ್ ಮಾತೆರ್' ಅನ್ನು ಆ ವರ್ಷದ ನವೆಂಬರಿನಲ್ಲಿ ಮುಗಿಸಿದರು.

ಮರುವರ್ಷ ಮೇ ತಿಂಗಳಲ್ಲಿ, ಮನೆಯಲ್ಲಿ ಇನ್ನೂ ಮಕ್ಕಳ ಸದ್ದಿಲ್ಲದಾಗ, ಅವರು ಬರೆದದ್ದು 'ಬಾಗಟೆಲ್ಸ್' (ಕೃತಿ ಸಂಖ್ಯೆ 47). ಸ್ನೇಹಿತರೊಬ್ಬರ ಮನೆಯಲ್ಲಿ ಗೆಳೆಯರು ಕೂಡಿ ನುಡಿಸುತ್ತಿದ್ದರು. ಅಲ್ಲಿ ಇದ್ದದ್ದು ಹಾರ್ಮೋನಿಯಂ. ಹಾಗಾಗಿ ಎರಡು ವಯೊಲಿನ್, ಒಂದು ಚೆಲ್ಲೊ, ಒಂದು ಹಾರ್ಮೋನಿಯಂಗೆಂದೇ ಐದು ಪುಟ್ಟ ರಚನೆಗಳು ಮೂಡಿಬಂದವು. ಮೊದಲನೆಯದರ ಜಾನಪದ ರಾಗ ಮೂರನೆಯದರಲ್ಲಿ ಮತ್ತೆ ಕೇಳಿಸುತ್ತದೆ. ನಾಲ್ಕನೆಯದರಲ್ಲಿ ಒಂದು ವಾದ್ಯ ನುಡಿದದ್ದನ್ನು ಇನ್ನೊಂದು ಹಿಂಬಾಲಿಸುತ್ತಾ ಹೋಗುತ್ತದೆ. ಇಷ್ಟೂ ಸೇರಿ ಸುಮಾರು 20 ನಿಮಿಷ. ಆದರೆ ಒಂದು ಮಾತು: ಇದು ಕಾಲಿನಿಂದ ಗಾಳಿ ತುಂಬಿಸಿ ಎರಡೂ ಕೈಗಳಿಂದ ನುಡಿಸುವ ಹಾರ್ಮೋನಿಯಂಗೆ ಬರೆದದ್ದು. ಒಂದು ಕೈ ತಿದಿ ಒತ್ತುವ ನಮ್ಮ ಪೆಟ್ಟಿಗೆಯಲ್ಲಿ ಆಗದು, ಪಿಯಾನೊ ಆದೀತು. ಕೀಬೋರ್ಡಿನಲ್ಲಿ ಹಾರ್ಮೋನಿಯಂ ಸ್ವರ ಸಿಕ್ಕಿದರೆ ಇನ್ನೂ ಒಳ್ಳೆಯದು.

1887ರ ಜನವರಿಯ ಪ್ರಸಂಗ ನಮಗೆ ಬಲು ಇಷ್ಟ. ಅವರಿದ್ದ ಮನೆಯಲ್ಲೇ ರಸಾಯನಶಾಸ್ತ್ರದ ವಿದ್ಯಾರ್ಥಿಯೊಬ್ಬ ಬಾಡಿಗೆಗಿದ್ದು ವಯೊಲಿನ್ ಕಲಿಯುತ್ತಿದ್ದ. ಆ ಹುಡುಗ, ಅವನ ಗುರು ಮತ್ತು ತಾನು ಕೂಡಿ ನುಡಿಸಲೆಂದು ದ್ವೊರ್ಜಾಕ್ 'ತೆರ್ಜೆತ್ತೊ' (74) ಬರೆದರು. ಹುಡುಗನಿಗೆ ಅದು ಕಷ್ಟವಾಯಿತು. ಆಗಲೇ ಯುರೋಪಿನಲ್ಲಿ ಹೆಸರಾಗಿದ್ದ ಅವರು ಬೇಸರಿಸದೆ ಕುಳಿತು, ಅವನ ಕೈಗೆಟಕುವಂತೆ ನಾಲ್ಕು ಸುಲಭ ತುಣುಕುಗಳನ್ನು (75ಎ) ಬರೆದುಕೊಟ್ಟರು. ಅವು ಮುದ್ರಣ ಕಂಡದ್ದು ಅವರ ಮರಣದ ಎಷ್ಟೋ ಕಾಲದ ನಂತರ.

'ಬಾಗಟೆಲ್ಸ್' ಮುಗಿದ ಮರುತಿಂಗಳೇ ಹುಟ್ಟಿದ ಮಗಳು ಒಟಿಲಿಯೆ. 1893ರಲ್ಲಿ ನ್ಯೂಯಾರ್ಕ್‌ನಲ್ಲಿದ್ದಾಗ 15 ವರ್ಷದ ಆಕೆ ಪಿಯಾನೊ, 10 ವರ್ಷದ ತಮ್ಮ ವಯೊಲಿನ್ ನುಡಿಸಲೆಂದು ತಂದೆ 'ಸೊನಾಟಿನಾ' ಬರೆದರು. ನೂರನೆಯ ಕೃತಿ ಸಂಖ್ಯೆಯನ್ನು ಅದಕ್ಕೇ ಇಟ್ಟರು. 1904ರ ಮೇ 1ರಂದು ಅವರು ಪ್ರಾಗ್‌ನಲ್ಲಿ ನಿಧನರಾದರು. ಹೊಸಬರು 'ಸೊನಾಟಿನಾ'ದಿಂದಲೇ ಆರಂಭಿಸಬಹುದು. ಅದರ ಮತ್ತು 'ಬಾಗಟೆಲ್ಸ್'ನ ಸ್ವರಲಿಪಿ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ.