ಚೂರುಗಳಿಂದ ಕಟ್ಟಿದ ಮನೆ

ಪರದೇಶಕ್ಕೆ ಬಂದ ಹೊಸತರಲ್ಲಿ ಊರಿನ ಬಸ್ ಟಿಕೆಟ್ಟನ್ನೋ, ತಾಯಿಯ ಪತ್ರದ ಲಕೋಟೆಯನ್ನೋ ಎಸೆಯಲಾರದೆ ಎತ್ತಿಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಇಂಥ ಚೂರುಗಳನ್ನೇ ಅಂಟಿಸಿ ಕಲೆಯಾಗಿಸಿದವರು ಜರ್ಮನಿಯ ಕುರ್ಟ್ ಶ್ವಿಟರ್ಸ್.

1887ರ ಜೂನ್ 20ರಂದು ಹ್ಯಾನೋವರ್ ನಗರದಲ್ಲಿ ಜನಿಸಿದ ಅವರು ಡ್ರೆಸ್ಡೆನ್ನಿನಲ್ಲಿ ಚಿತ್ರಕಲೆ ಕಲಿತರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತು ಎಲ್ಲವೂ ಒಡೆದುಬಿದ್ದಾಗ, ಆ ಚೂರುಗಳಿಂದಲೇ ಹೊಸದನ್ನು ಕಟ್ಟಬೇಕೆಂದು ಅವರಿಗೆ ತೋರಿತು. ಟ್ರಾಮ್ ಟಿಕೆಟ್ಟು, ಪತ್ರಿಕೆಯ ತುಂಡು, ತಂತಿ, ಮರದ ಚೂರು ಎಲ್ಲವೂ ಅವರ ಹಲಗೆಯೇರಿದವು. ಒಂದು ಕೃತಿಗೆ ಅಂಟಿಸಿದ್ದ ಬ್ಯಾಂಕ್ ಜಾಹೀರಾತಿನಲ್ಲಿ 'ಕೊಮೆರ್ಟ್ಸ್' ಎಂಬ ಪದ ಕತ್ತರಿಸಿಹೋಗಿ 'ಮೆರ್ಟ್ಸ್' ಎಂದಷ್ಟೇ ಉಳಿದಿತ್ತು. ಅರ್ಥವಿಲ್ಲದ ಆ ಪದವನ್ನೇ 1919ರಲ್ಲಿ ತಮ್ಮ ಕಲೆಗೆ ಹೆಸರಾಗಿಟ್ಟರು. 1923ರ ಸುಮಾರಿಗೆ ತಮ್ಮ ಮನೆಯ ಕೋಣೆಯನ್ನೇ ಮರ, ಗಾರೆಗಳಿಂದ ಕಲಾಕೃತಿಯಾಗಿ ಕಟ್ಟತೊಡಗಿದರು. ಅದು ಒಂದು ಕೋಣೆಯಿಂದ ಮತ್ತೊಂದಕ್ಕೆ ಬೆಳೆಯುತ್ತಲೇ ಹೋಯಿತು.

ನಾಜಿಗಳ ಕಾಟ ಹೆಚ್ಚಾಗಿ 1937ರ ಜನವರಿಯಲ್ಲಿ ನಾರ್ವೆಗೆ ಹೊರಟರು. ಪತ್ನಿ ಹೆಲ್ಮಾ ಮನೆ ನೋಡಿಕೊಳ್ಳಲು ಹಿಂದೆ ಉಳಿದರು. ಅದೇ ವರ್ಷ ನಾಜಿಗಳು ಮ್ಯೂನಿಕ್ಕಿನಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ ಅವರ ಕೃತಿಗಳನ್ನು ಹೀಗಳೆಯುವುದಕ್ಕೆಂದೇ ತೂಗುಹಾಕಿದರು. ನಾರ್ವೆಯಲ್ಲಿ ಶ್ವಿಟರ್ಸ್ ಮತ್ತೆ ಕಟ್ಟತೊಡಗಿದರು. 1940ರಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ನುಗ್ಗಿದಾಗ ಹಡಗೇರಿ ಬ್ರಿಟನ್ ಸೇರಿದರು. ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಬಂಧಿಸಿಟ್ಟರು. ಅಲ್ಲಿಯೂ ಕೈ ಸುಮ್ಮನಿರಲಿಲ್ಲ. ನೆಲಹಾಸಿನ ಲಿನೋಲಿಯಂ ತುಂಡಿನ ಮೇಲೆ ಚಿತ್ರ ಬರೆದರು, ಉಳಿದ ಓಟ್ಸ್ ಗಂಜಿಯಿಂದ ಶಿಲ್ಪ ಮಾಡಿದರು.

1941ರ ನವೆಂಬರಿನಲ್ಲಿ ಬಿಡುಗಡೆಯಾಯಿತು. 1943ರ ಅಕ್ಟೋಬರಿನಲ್ಲಿ ಬಾಂಬ್ ದಾಳಿಗೆ ಹ್ಯಾನೋವರಿನ ಮನೆ ನಾಶವಾಯಿತು. ಮರುವರ್ಷ ಹೆಲ್ಮಾ ತೀರಿಕೊಂಡರು. ಹಿಂದಿರುಗಲು ಮನೆಯೂ ಇಲ್ಲ, ಕಾಯುವವರೂ ಇಲ್ಲ. 1945ರಲ್ಲಿ ಇಂಗ್ಲೆಂಡಿನ ಆಂಬಲ್‌ಸೈಡ್ ಎಂಬ ಪುಟ್ಟ ಊರಿಗೆ ಹೋಗಿ, ಊರಿನವರ ಭಾವಚಿತ್ರ ಬರೆದು ಹೊಟ್ಟೆ ಹೊರೆದರು. ಅವರ ಆಗಿನ ಅಂಟುಚಿತ್ರಗಳಲ್ಲಿ ಇಂಗ್ಲಿಷ್ ಲೇಬಲ್ಲುಗಳು, ಇಂಗ್ಲಿಷ್ ಟಿಕೆಟ್ಟುಗಳು ಬಂದು ಕೂತವು.

1947ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ನೆರವಿನಿಂದ ಎಲ್ಟರ್‌ವಾಟರಿನ ಹಳೆಯ ಕೊಟ್ಟಿಗೆಯೊಂದರಲ್ಲಿ ಮೂರನೆಯ ಬಾರಿ ಕಟ್ಟಲು ತೊಡಗಿದರು. ಒಂದು ಗೋಡೆಯೂ ಪೂರ್ತಿಯಾಗುವ ಮೊದಲೇ, 1948ರ ಜನವರಿ 8ರಂದು ಕಣ್ಮುಚ್ಚಿದರು. ಬ್ರಿಟಿಷ್ ಪೌರತ್ವ ಮಂಜೂರಾದ ಸುದ್ದಿ ಹಿಂದಿನ ದಿನವಷ್ಟೇ ತಲಪಿತ್ತು.

ಆ ಗೋಡೆಯನ್ನು 1965ರಲ್ಲಿ ನ್ಯೂಕಾಸಲ್ಲಿನ ಹ್ಯಾಟನ್ ಗ್ಯಾಲರಿಗೆ ಸಾಗಿಸಿದರು. ಕಳೆದುಹೋದ ಮನೆಗಾಗಿ ಕೊರಗುತ್ತ ಕೂರದೆ, ಹೋದ ನೆಲದ ಚೂರುಗಳನ್ನೇ ಆಯ್ದು ಮತ್ತೆ ಕಟ್ಟಿದ ಈ ಹಿರಿಯ ಜೀವ, ಎರಡು ನೆಲಗಳ ನಡುವೆ ಬಾಳುವ ನಮಗೆ ಪರಕೀಯರಲ್ಲ.