ಧರ್ಮಪುರಿಯ ಬಿಸಿಲಿನಿಂದ ಊಟಿಯ ಹಿಮದವರೆಗೆ: ಸರ್ ಥಾಮಸ್ ಮನ್ರೋ



ಚಳಿಗಾಲ ಶುರುವಾಯಿತೆಂದರೆ ನಮ್ಮ ಸದಸ್ಯರ ಫೋನುಗಳಲ್ಲಿ ಎರಡು ಬಗೆಯ ಚಿತ್ರಗಳು ಓಡಾಡುತ್ತವೆ. ಒಂದು ಕಾಶ್ಮೀರದ ಗುಲ್ಮಾರ್ಗಿನಲ್ಲಿ ಬಿದ್ದ ಮೊದಲ ಹಿಮದ್ದು. ಇನ್ನೊಂದು ಊಟಿಯ ಹುಲ್ಲಿನ ಮೇಲೆ ಬೆಳಗಿನ ಜಾವ ಉಪ್ಪು ಚೆಲ್ಲಿದ ಹಾಗೆ ಕಾಣುವ ಬಿಳುಪಿನದ್ದು. ಎರಡನ್ನೂ ನಾವು ಹಿಮ ಎಂದೇ ಕರೆಯುತ್ತೇವೆ. ಆದರೆ ಗುಲ್ಮಾರ್ಗಿನದು ಆಕಾಶದಿಂದ ಬೀಳುವ ಹಿಮ. ಊಟಿಯದು, ಮೋಡವಿಲ್ಲದ ರಾತ್ರಿಯಲ್ಲಿ ನೆಲ ತಣ್ಣಗಾಗಿ, ಗಾಳಿಯ ತೇವ ಹುಲ್ಲಿನ ಮೇಲೆಯೇ ಹೆಪ್ಪುಗಟ್ಟಿದ್ದು. ನವೆಂಬರಿನಿಂದ ಫೆಬ್ರವರಿಯವರೆಗೆ ಇದನ್ನು ಕಾಣಬಹುದು.

ಮೊದಲ ಹಿಮ ಬಿದ್ದ ಕೂಡಲೇ ಸ್ಕೀ ಮೈದಾನಗಳು ಪೂರ್ತಿ ತೆರೆಯುವುದಿಲ್ಲ. ಅಡಿಪದರ ಗಟ್ಟಿಯಾಗಬೇಕು, ಕಲ್ಲು, ಬೇರುಗಳು ಮುಚ್ಚಬೇಕು. ಮೊದಲು ಒಂದೆರಡು ಇಳಿಜಾರು, ಆಮೇಲೆ ಉಳಿದವು. ನಮ್ಮ ನೀಲಗಿರಿಯೂ ಹೊರಗಿನವರಿಗೆ ಹೀಗೆಯೇ ಹಂತ ಹಂತವಾಗಿ ತೆರೆದುಕೊಂಡಿತು. ಆ ಬೆಟ್ಟ ತೆರೆದ ಕಾಲಕ್ಕೆ ಮದರಾಸಿನ ಗವರ್ನರ್ ಆಗಿದ್ದವರು, ಒಂದು ಕಾಲಕ್ಕೆ ನಮ್ಮ ಧರ್ಮಪುರಿಯಲ್ಲಿ ಏಳು ವರ್ಷ ಬಾಳಿದವರು. ಅವರೇ ಸರ್ ಥಾಮಸ್ ಮನ್ರೋ. ಈ ಚಳಿಗಾಲಕ್ಕೆ ಅವರ ಬದುಕನ್ನು ನೆನೆಯೋಣ ಎಂದುಕೊಂಡೆವು.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದಲ್ಲಿ. ತಂದೆ ಅಲೆಗ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ಮಾಡುತ್ತಿದ್ದವರು. ಅಮೆರಿಕದ ಸ್ವಾತಂತ್ರ್ಯ ಸಮರ ಆ ವ್ಯಾಪಾರವನ್ನು ಮುಳುಗಿಸಿತು. ಮನೆ ಕಷ್ಟಕ್ಕೆ ಬಿತ್ತು. ಗ್ಲ್ಯಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ ಹುಡುಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ 1780ರಲ್ಲಿ ಮದರಾಸಿಗೆ ಬಂದಿಳಿದರು. ಬಂದ ವರ್ಷವೇ ಹೈದರಾಲಿಯೊಡನೆ ಯುದ್ಧ. ಮುಂದೆ ಟಿಪ್ಪು ಸುಲ್ತಾನರೊಡನೆ ಮತ್ತೊಂದು ಯುದ್ಧ. ಹನ್ನೆರಡು ವರ್ಷ ಅವರಿಗೆ ದಂಡಿನ ಬದುಕೇ ಆಯಿತು.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಅದುವರೆಗೆ ಮೈಸೂರಿನ ಕೈಯಲ್ಲಿದ್ದ ಬಾರಾಮಹಲ್ ಮತ್ತು ಸೇಲಂ ಸೀಮೆ ಕಂಪನಿಯ ಪಾಲಾಯಿತು. ನಾವು ಈಗ ಬಾಳುತ್ತಿರುವ ಧರ್ಮಪುರಿ, ಕೃಷ್ಣಗಿರಿಗಳ ನೆಲವೇ ಆ ಬಾರಾಮಹಲ್. ಒಂಬತ್ತನೆಯ ಶತಮಾನದಲ್ಲಿ ನೊಳಂಬರು ಕನ್ನಡ ಶಾಸನ ಹಾಕಿಸಿದ ಊರು ಧರ್ಮಪುರಿ. ಅಂದಿನ ಹೆಸರು ತಗಡೂರು. ಈ ಸೀಮೆಯ ಆಡಳಿತಕ್ಕೆ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ನೇಮಕವಾದರು. ಅವರ ಸಹಾಯಕರಲ್ಲಿ ಒಬ್ಬರಾಗಿ ಬಂದ ಮನ್ರೋ ಧರ್ಮಪುರಿಯಲ್ಲಿ ನೆಲೆನಿಂತರು.

ಇಲ್ಲಿ ಅವರು ಕಲಿತ ಕೆಲಸವೇ ಮುಂದೆ ಅವರ ಹೆಸರಿಗೆ ಅಂಟಿಕೊಂಡಿತು. ಊರೂರು ಸುತ್ತುವುದು, ಹೊಲ ಅಳೆಸುವುದು, ಯಾವ ನೆಲ ಎಷ್ಟು ಬೆಳೆ ಕೊಡುತ್ತದೆಂದು ರೈತರನ್ನೇ ಕೇಳುವುದು. ಅಂಗೈ ಅಗಲದ ಹೊಲಕ್ಕೂ ಲೆಕ್ಕ. ನಡುವೆ ಜಮೀನ್ದಾರನಾಗಲಿ ಗುತ್ತಿಗೆದಾರನಾಗಲಿ ಇಲ್ಲದೆ, ಸರ್ಕಾರ ನೇರವಾಗಿ ರೈತನೊಡನೆ ಕಂದಾಯದ ಮಾತಾಡುವ ಪದ್ಧತಿ ರೀಡ್ ಅವರ ಕೈಕೆಳಗೆ ಇಲ್ಲಿಯೇ ಮೊಳೆಯಿತು. ಅದೇ ರೈತವಾರಿ. ಇಂದು ನಮ್ಮ ಸದಸ್ಯರು ಪಟ್ಟಾ, ಚಿಟ್ಟಾ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ನಿಲ್ಲುತ್ತಾರಲ್ಲ, ವರ್ಷಕ್ಕೊಮ್ಮೆ ಜಮಾಬಂದಿಗೆ ಅರ್ಜಿ ಕೊಡುತ್ತಾರಲ್ಲ, ಆ ದಾರಿಯ ಒಂದು ತುದಿ ಮನ್ರೋ ಕಾಲದ ಧರ್ಮಪುರಿಯಲ್ಲಿದೆ.

ಅವರನ್ನು ದೇವರ ಪಟ್ಟಕ್ಕೇರಿಸುವ ಅಗತ್ಯವಿಲ್ಲ. ಅವರು ಕಂಪನಿಯ ನೌಕರರು. ಕಂದಾಯ ಎತ್ತುವುದೇ ಅವರ ಕಸುಬು. ರೈತವಾರಿಯಲ್ಲಿಯೂ ತೆರಿಗೆಯ ಭಾರ ಹೆಚ್ಚಾಗಿಯೇ ಇತ್ತು. ಆದರೆ ಆ ಭಾರ ಹೆಚ್ಚೆಂದು ಮೇಲಿನವರಿಗೆ ಬರೆದು ಹೇಳುವ ಧೈರ್ಯ ಅವರಿಗಿತ್ತು.

ಧರ್ಮಪುರಿಯನ್ನು ಅವರು ಮನಸಾರೆ ಹಚ್ಚಿಕೊಂಡಿದ್ದರು. ಇಲ್ಲಿ ತೋಟ ಮಾಡಿಸಿದರು. ಊರಿಗೆ ಬರೆದ ಪತ್ರಗಳಲ್ಲಿ ಚಿಕ್ಕಂದಿನಲ್ಲಿ ಈಜಾಡಿದ ಕೆಲ್ವಿನ್ ಹೊಳೆಯನ್ನು ನೆನೆಯುತ್ತಿದ್ದರು. 1799ರಲ್ಲಿ ಟಿಪ್ಪು ಮಡಿದು ಮೈಸೂರಿನ ವ್ಯವಸ್ಥೆಯಾದಾಗ ಅವರನ್ನು ಕನ್ನಡ ಜಿಲ್ಲೆಗೆ, ಅಂದರೆ ಇಂದಿನ ಕರಾವಳಿಗೆ ಕಳಿಸಿದರು. ಕಾಸರಗೋಡಿನ ಬಂಧುಗಳ ನೆಲವೂ ಅಂದು ಅದರೊಳಗೇ ಇತ್ತು. ಅಲ್ಲಿಯ ಎಡೆಬಿಡದ ಮಳೆ ಅವರಿಗೆ ಒಗ್ಗಲಿಲ್ಲ. ಬಾರಾಮಹಲಿನ ಒಣ ಬಯಲಿಗಾಗಿ ಅವರ ಮನಸ್ಸು ಹಂಬಲಿಸಿತು.

1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪ ಸೇರಿದ ದತ್ತ ಮಂಡಲದ ಕಲೆಕ್ಟರ್ ಆದರು. ಅಲ್ಲಿಂದ ಹೊರಡುವಾಗ ಕಂದಾಯವನ್ನು ನೂರಕ್ಕೆ ಇಪ್ಪತ್ತೈದರಷ್ಟು ಇಳಿಸಬೇಕೆಂದು ಸಲಹೆ ಮಾಡಿದರು. ಮೇಲಿನವರು ಆಗ ಕಿವಿಗೊಡಲಿಲ್ಲ. ತಾವೇ ಗವರ್ನರ್ ಆದ ಮೇಲೆ ಆ ಇಳಿಕೆಯನ್ನು ಜಾರಿಗೆ ತಂದರು. ಆ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವ ರೂಢಿ ಬಂದದ್ದು ಸುಮ್ಮನೆ ಅಲ್ಲ. 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಅವರನ್ನು ಮದುವೆಯಾಗಿ ಮತ್ತೆ ಭಾರತಕ್ಕೆ ಬಂದರು. ಮರಾಠ ಯುದ್ಧದಲ್ಲಿ ಧಾರವಾಡ, ಬಾದಾಮಿ, ಬೆಳಗಾವಿಗಳ ಕಡೆ ದಂಡು ನಡೆಸಿದರು. 1820ರಲ್ಲಿ ಮದರಾಸಿನ ಗವರ್ನರ್ ಆದರು.

ಇನ್ನು ಬೆಟ್ಟದ ಮಾತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರ ಜನವರಿಯಲ್ಲಿ ನೀಲಗಿರಿ ಹತ್ತಿದರು. ಚಳಿ ಕೊರೆಯುವ ತಿಂಗಳದು. ಆ ಬೆಟ್ಟಗಳು ಸ್ವಿಟ್ಜರ್ಲೆಂಡನ್ನು ಹೋಲುತ್ತವೆಂದು ಅವರು ಪತ್ರ ಬರೆದದ್ದು ಮನ್ರೋ ಅವರಿಗೇ. ಮೊದಲು ಕೋಟಗಿರಿಯ ಬಳಿ ಕನ್ನೇರಿಮುಕ್ಕಿನಲ್ಲಿ ಒಂದು ಬಂಗಲೆ. ಸಿರುಮುಗೈ ಕಡೆಯಿಂದ ಮೇಲೇರುವ ಒಂದು ದಾರಿ. ಆಮೇಲೆ ಊಟಿಯಲ್ಲಿ ಕಲ್ಲಿನ ಮನೆ. ಅದರ ಬೆನ್ನಿಗೆ ಕೆರೆ, ಆಲೂಗಡ್ಡೆ, ಶೀಮೆ ತರಕಾರಿ. ಒಂದೊಂದೇ ಇಳಿಜಾರು ತೆರೆದ ಹಾಗೆ ಬೆಟ್ಟ ತೆರೆಯಿತು.

1826ರಲ್ಲಿ ಮನ್ರೋ ತಾವೇ ಬೆಟ್ಟ ಹತ್ತಿ ಸಲಿವನ್ ಅವರ ಅತಿಥಿಯಾದರು. ಕಿರಿಯ ಮಗನ ಆರೋಗ್ಯ ಕೆಟ್ಟು, ಪತ್ನಿ ಅವನನ್ನು ಕರೆದುಕೊಂಡು ಅದೇ ವರ್ಷ ಸ್ವದೇಶಕ್ಕೆ ಹಡಗು ಹತ್ತಿದ್ದರು. ಒಂಟಿಯಾಗಿದ್ದ ಗವರ್ನರ್ ಊಟಿಯ ಚಳಿಯನ್ನೂ ಗುಡ್ಡಗಳನ್ನೂ ಪತ್ರದಲ್ಲಿ ಪತ್ನಿಗೆ ವಿವರಿಸಿದರು. ನಲವತ್ತಾರು ವರ್ಷ ಹಿಂದೆ ಚಳಿಯ ನಾಡನ್ನು ಬಿಟ್ಟು ಬಂದವರಿಗೆ, ಅದರಲ್ಲಿ ಎಷ್ಟೋ ಕಾಲ ಬಯಲುಸೀಮೆಯ ಬಿಸಿಲುಂಡವರಿಗೆ, ಆ ಚಳಿ ಏನನ್ನು ನೆನಪಿಗೆ ತಂದಿರಬಹುದೆಂದು ನಾವು ಊಹಿಸಬಹುದು.

ಆದರೆ ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ಬಯಲಿನಲ್ಲಿ ಪ್ರತಿ ಹೊಲಕ್ಕೂ ಒಬ್ಬ ರೈತನ ಹೆಸರು ಬರೆಸಿದವರ ಆಳ್ವಿಕೆಯಲ್ಲಿಯೇ ಈ ಬೆಟ್ಟ ತೆರೆಯಿತು. ಆ ಬೆಟ್ಟದ ಹುಲ್ಲುಗಾವಲು ಯಾರ ಹೆಸರಿನದು? ತೋಡರು ಅಲ್ಲಿ ಎಮ್ಮೆ ಮೇಯಿಸುತ್ತಿದ್ದರು. ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಬಡಗರು ಬೇಸಾಯ ಮಾಡುತ್ತಿದ್ದರು. ಸಲಿವನ್ ಎಕರೆಗೆ ಒಂದು ರೂಪಾಯಿಯಂತೆ ತೋಡರಿಂದ ನೆಲ ಕೊಂಡರೆಂದು ಹೇಳುತ್ತಾರೆ. ಆ ನೆಲ ತೋಡರದೇ ಎಂದು ಸರ್ಕಾರದೊಡನೆ ವಾದಿಸಿದವರೂ ಅವರೇ. ಆ ವಾದ ಮನ್ರೋ ಹೋದ ಮೇಲೂ ಬಹಳ ವರ್ಷ ನಡೆಯಿತು. ದಾರಿ ಬೇಗ ತೆರೆಯಿತು, ಹಕ್ಕಿನ ಲೆಕ್ಕ ಹಿಂದೆ ಬಿತ್ತು.

ಊರಿಗೆ ಮರಳುವ ಮುನ್ನ ತಮ್ಮ ಹಳೆಯ ದತ್ತ ಮಂಡಲದ ಜನರನ್ನು ಒಮ್ಮೆ ಕಂಡು ಬರಬೇಕೆಂದು 1827ರಲ್ಲಿ ಮನ್ರೋ ಕೊನೆಯ ಪ್ರವಾಸ ಹೊರಟರು. ದಂಡಿನಲ್ಲಿ ಕಾಲರಾ ಹಬ್ಬಿತು. ಜುಲೈ 6ರಂದು ಪತ್ತಿಕೊಂಡದಲ್ಲಿ ಅದೇ ರೋಗಕ್ಕೆ ಅವರೂ ಬಲಿಯಾದರು. ಗುತ್ತಿಯಲ್ಲಿ ಮಣ್ಣು ಮಾಡಿ, ಆಮೇಲೆ ಮದರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಒಯ್ದರು. ಕೆಲ್ವಿನ್ ಹೊಳೆಯನ್ನು ಅವರು ಮತ್ತೆ ನೋಡಲಿಲ್ಲ. ಚೆನ್ನೈನ ಐಲ್ಯಾಂಡ್ ಮೈದಾನದ ಬಳಿ ಜೀನು, ರಿಕಾಪುಗಳಿಲ್ಲದ ಕುದುರೆಯ ಮೇಲೆ ಕುಳಿತ ಅವರ ಪ್ರತಿಮೆಯನ್ನು ನಮ್ಮಲ್ಲಿ ಹಲವರು ಬಸ್ಸಿನ ಕಿಟಕಿಯಿಂದ ನೋಡಿರುತ್ತೇವೆ.

ಈ ಚಳಿಗೆ ಊಟಿಗೆ ಹೊರಡುವ ಸದಸ್ಯರಿಗೆ ಒಂದೆರಡು ಮಾತು. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬಂದಿದೆ. ಹೊರಡುವ ಮುನ್ನ ಈಗಿನ ನಿಯಮ ವಿಚಾರಿಸಿಕೊಳ್ಳಿ. ಬೆಟ್ಟ ಎಷ್ಟು ಜನರನ್ನು ತಾಳೀತು ಎಂಬ ಲೆಕ್ಕ ಇನ್ನೂರು ವರ್ಷ ತಡವಾಗಿಯಾದರೂ ಶುರುವಾಗಿದೆ. ಬೆಳಗಿನ ಹಿಮ ನೋಡಲು ಹುಲ್ಲುಗಾವಲಿಗೆ ಇಳಿಯುವಾಗ ಅದು ಯಾರ ನೆಲವೆಂದು ಒಮ್ಮೆ ಕೇಳಿಕೊಳ್ಳಿ. ಅಲ್ಲಿಯ ಬಡಗ ಅಜ್ಜ ಅಜ್ಜಿಯರು ಸಿಕ್ಕರೆ ನಿಮ್ಮ ಕನ್ನಡದಲ್ಲೇ ಮಾತಾಡಿಸಿ, ಅರ್ಧಕ್ಕರ್ಧ ತಿಳಿಯುತ್ತದೆ.

ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಪಟ್ಟಾ, ಕನ್ನಡದಲ್ಲಿ ಬರೆದ ಕಂದಾಯದ ಕಾಗದಗಳಿದ್ದರೆ ಜೋಪಾನವಾಗಿಡಿ. ಮುಂದಿನ ಕೂಟಕ್ಕೆ ತಂದು ತೋರಿಸಿದರೆ ಎಲ್ಲರೂ ಕೂತು ಓದೋಣ.

ಸಿರಿಗನ್ನಡಂ ಗೆಲ್ಗೆ.