ಪಂಡಿತಾ ರಮಾಬಾಯಿಯವರು

ಭದ್ರಾ ನದಿಯ ನೀರು ಏತ ನೀರಾವರಿಯಿಂದ ನಮ್ಮ ಉಬ್ರಾಣಿ ಸೀಮೆಯ ಕೆರೆಗಳಿಗೆ ಬರುವದನ್ನು ನೀವು ಬಲ್ಲಿರಿ. ಆ ನದಿಯು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ 1858ನೆಯ ಇಸವಿಯ ಎಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ಇವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಜನರ ನಿಷ್ಠುರಕ್ಕೆ ಅಂಜದೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದರು. ತಾಯಿಯು ಅದನ್ನು ಮಗಳಿಗೆ ಕಲಿಸಿದಳು.

ಆ ಕುಟುಂಬವು ಪುರಾಣವನ್ನೋದುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚರಿಸಿತು. ಇದ್ದ ಹಣವೆಲ್ಲ ದಾನಧರ್ಮಗಳಿಗೆ ವೆಚ್ಚವಾಯಿತು. ಬಳಿಕ ಕ್ಷಾಮವು ಬಂದಾಗ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಹೋದರು. ಉಳಿದ ಅಣ್ಣತಂಗಿಯರು ಉಪವಾಸದಿಂದಲೇ ದೇಶವನ್ನು ಸುತ್ತಿದರು. ಶಾಸ್ತ್ರವು ಹೇಳಿದ್ದನ್ನೆಲ್ಲಾ ಮಾಡಿದರೂ ದೇವತೆಗಳಿಂದ ಉತ್ತರವು ಬರಲಿಲ್ಲ. ಅವರ ನಂಬಿಕೆಯು ಕುಂದಿತು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಇವರನ್ನು ಪರೀಕ್ಷಿಸಿ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಕೇಶವಚಂದ್ರ ಸೇನರು ವೇದವನ್ನು ಓದೆಂದು ಗ್ರಂಥವನ್ನೇ ಕೊಟ್ಟರು. ಧರ್ಮಶಾಸ್ತ್ರ, ಉಪನಿಷತ್ತು, ವೇದಾಂತಗಳನ್ನು ಇವರು ಶೋಧಿಸಿದರು. ಅನೇಕ ವಿಷಯಗಳಲ್ಲಿ ಒಂದಕ್ಕೊಂದು ಹೊಂದದ ಧರ್ಮಶಾಸ್ತ್ರಗಳು, ಸ್ತ್ರೀಯರಿಗೂ ಶೂದ್ರರಿಗೂ ವೇದಾಧಿಕಾರವಿಲ್ಲ, ಅವರಾಗಿಯೇ ಮೋಕ್ಷಕ್ಕೆ ಬಾಧ್ಯರಲ್ಲ ಎಂಬದರಲ್ಲಿ ಮಾತ್ರ ಒಂದಾಗಿರುವದನ್ನು ಕಂಡರು. ಅಷ್ಟು ಓದಿದ ಮೇಲೆ ಅವರಿಗೆ ಮತವೇ ಇಲ್ಲದಂತಾಯಿತು. 1880ರಲ್ಲಿ ಅಣ್ಣನು ಸತ್ತನು. ಅದೇ ವರುಷ ಶೂದ್ರ ಜಾತಿಯ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಯಾವ ಮತದ ವಿಧಿಯೂ ಇಲ್ಲದೆ ಸರ್ಕಾರದ ಕಾಯಿದೆಯ ಪ್ರಕಾರ ಮದುವೆಯಾದರು.

ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಒಂದು ಪ್ರತಿಯು ಮನೆಯಲ್ಲಿ ಕೈಗೆ ಸಿಕ್ಕಿತು. ಇವರು ಅದನ್ನು ಆಸೆಯಿಂದ ಓದಿದರು. ಪತಿಗೆ ಅದು ಹಿತವಾಗಲಿಲ್ಲ. 1882ರಲ್ಲಿ ಪತಿಯು ವಾಂತಿಭೇದಿಯಿಂದ ತೀರಿಕೊಂಡರು. ಕೂಸು ಮನೋರಮೆಯೊಡನೆ 1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿಯವರು, ಕೆಟ್ಟುಹೋದವರೆಂದು ಲೋಕವು ತಳ್ಳಿದ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ಸಾಕುವದನ್ನು ಕಂಡರು. ಇದಕ್ಕೆ ಕಾರಣವೇನೆಂದು ಕೇಳಲಾಗಿ, ಸಮಾರ್ಯದ ಸ್ತ್ರೀಯೊಡನೆ ಕರ್ತನು ಮಾತಾಡಿದ ಸಂಗತಿಯನ್ನು ಅವರಿಗೆ ಓದಿ ಹೇಳಿದರು. ಸೆಪ್ಟೆಂಬರ್ 29ರಂದು ತಾಯಿಮಗಳು ದೀಕ್ಷಾಸ್ನಾನವನ್ನು ಹೊಂದಿದರು.

ಆದರೆ ಅವರ ಪ್ರಶ್ನೆಗಳು ಅಲ್ಲಿಗೆ ನಿಲ್ಲಲಿಲ್ಲ. ತ್ರಯೈಕತ್ವವನ್ನೂ ಸಭೆಯ ಅಧಿಕಾರವನ್ನೂ ಕುರಿತು ಗುರುಗಳೊಡನೆ ಕಾಗದಗಳಲ್ಲಿ ವಾದಿಸಿದರು. ಉಪಕಾರ ಮಾಡಿದವರು ನೊಂದುಕೊಂಡರೂ, ಮನಸ್ಸು ಒಪ್ಪದ್ದನ್ನು ಒಪ್ಪಿದೆನೆಂದು ಬಾಯಿಂದ ಹೇಳಲಿಲ್ಲ. ಸ್ನಾನವಾಗಿ ಎಂಟು ವರುಷಗಳಾದ ಮೇಲೆ, ತನಗೆ ಕ್ರೈಸ್ತಮತವು ದೊರಕಿತ್ತೇ ಹೊರತು ಜೀವವಾಗಿರುವ ಕ್ರಿಸ್ತನು ದೊರಕಿರಲಿಲ್ಲವೆಂದು ತಿಳಿದುಕೊಂಡು, ಆತನಲ್ಲಿ ಸಮಾಧಾನವನ್ನು ಕಂಡರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಿದ್ದರು. ತರುವಾಯ ಕ್ಷಾಮಗಳು ಬಂದಾಗ, ಹಸಿವಿನ ಸಂಕಟವನ್ನು ಸ್ವತಃ ಬಲ್ಲ ಈಕೆಯು ಪುಣೆಯ ಬಳಿಯ ಕೇಡಗಾಂವಿನಲ್ಲಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಸಾಕಿದರು. ಅದೇ ಮುಕ್ತಿ ಸದನ. ಹಳ್ಳಿಯ ಹೆಂಗಸರಿಗೂ ತಿಳಿಯುವಂತೆ ಸತ್ಯವೇದವನ್ನು ಇಬ್ರಿಯ, ಗ್ರೀಕ್ ಮೂಲಗಳಿಂದ ಮರಾಠಿಗೆ ಭಾಷಾಂತರಿಸಿ, 1922ನೆಯ ಎಪ್ರಿಲ್ 5ರಂದು ನಿದ್ರೆಹೋದರು.

ಪ್ರಿಯರೇ, ನಿಮ್ಮ ಮಗನೋ ಮಗಳೋ ಕಾಲೇಜಿನಲ್ಲಿ ತತ್ವಶಾಸ್ತ್ರವನ್ನೋದಿ ಬಂದು, ದೇವರಿರುವದು ನಿಜವೋ ಎಂದು ಕೇಳಿದರೆ ಗದರಿಸಿ ಬಾಯಿ ಮುಚ್ಚಿಸಬೇಡಿರಿ. ಬಾಯಿ ಮುಚ್ಚಿದರೂ ಸಂದೇಹವು ಒಳಗೇ ಬೆಳೆಯುವದು. ಪಕ್ಕದಲ್ಲಿ ಕೂತು ಕೇಳಿರಿ. ತಿಳಿಯದ್ದನ್ನು ತಿಳಿಯದೆಂದು ಹೇಳಿರಿ. ವಾದದಿಂದ ಒಲಿಯದ ರಮಾಬಾಯಿಯವರ ಮನಸ್ಸು ಮೊದಲು ಒಲಿದದ್ದು, ದಿಕ್ಕಿಲ್ಲದವರಿಗೆ ಅನ್ನವಿಕ್ಕುವ ಕೈಗಳನ್ನು ಕಂಡಾಗಲೇ.